ಸೋಲಿಗರ ಕಾಡಿನ ತಿಳಿವಳಿಕೆ ಮರೆಯಾಗುವ ಮೊದಲು ಅದನ್ನು ದಾಖಲಿಸುವುದು ಹೇಗೆ?

ನೀವು ಬರೆದು ಕೇಳಿದ ಈ ಪ್ರಶ್ನೆಯನ್ನೇ ಹಿಡ್ಕೊಂಡು ಹನ್ನೆರಡು ವರ್ಷದ ಹಿಂದೆ ನಾನು ಬಿಳಿಗಿರಿರಂಗನ ಬೆಟ್ಟ ಹತ್ತಿದ್ದೆ. ಎಂ.ಎಸ್ಸಿ ಆಗಷ್ಟೇ ಮುಗಿದಿತ್ತು. ಆ ಬೆಟ್ಟದ ಕಾಡಿನ ಬುಡಕಟ್ಟಿನವರಾದ ಸೋಲಿಗರ ಹಿರಿಯರನ್ನು ಮಾತಾಡಿಸಿ ಬರೆದು ತರಲು ಒಂದು ಸಂಸ್ಥೆ ಆರು ತಿಂಗಳ ಕೆಲಸ ಕೊಟ್ಟಿತ್ತು. ಯಾವ ರೆಕಾರ್ಡರ್ ಒಳ್ಳೆಯದು, ಎಷ್ಟು ಪೋಡು, ಅಂದರೆ ಸೋಲಿಗರ ಹಾಡಿ, ಸುತ್ತಬೇಕು ಅಂತ ನೀವು ಕೇಳಿದ್ದೀರಲ್ಲ, ನನ್ನ ತಲೆಯಲ್ಲೂ ಆಗ ಅದೇ ತುಂಬಿತ್ತು.

ಒಬ್ಬ ಅಜ್ಜ ಎರಡು ತಿಂಗಳು ನನ್ನನ್ನು ಜೊತೆಗೆ ಕರ್ಕೊಂಡು ತಿರುಗಿದರು. ನನಗೆ ಬರೀ ಮರಗಿಡ ಕಾಣುತ್ತಿದ್ದ ಕಡೆ ಅವರಿಗೆ ಎಲ್ಲೆಗಳು, ಅಂದರೆ ಒಂದೊಂದು ಕುಲಕ್ಕೆ ಸೇರಿದ ಕಾಡಿನ ಭಾಗಗಳು, ಕಾಣುತ್ತಿದ್ದವು. ಎಲ್ಲೆಯೊಳಗೆ ಅವರು ಪೂಜಿಸುವ ಜಾಗಗಳು: ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ. ಅಬ್ಬಿ ಅಂದರೆ ನೀರಿನ ಜಾಗ. ಕಲ್ಲುಗುಡಿ ತೀರಿಕೊಂಡ ಹಿರಿಯರ ಜಾಗ. ಬೆಟ್ಟದ ರಂಗನಾಥನೂ ಅವರಿಗೆ ಭಾವನೇ, ಸೋಲಿಗರ ಹುಡುಗಿ ಕುಸುಮಾಲೆಯನ್ನು ಕೈಹಿಡಿದವನು. ಹೆಜ್ಜೇನು ಇಳಿಸುವಾಗ ತಟ್ಟಿಯಲ್ಲಿ ಒಂದಷ್ಟು ಹುಳಕ್ಕೇ ಬಿಟ್ಟು ಬರುವುದನ್ನು ಅವರು ನನಗೆ ನಿಂತು ತೋರಿಸಿದರು.

ಒಂದು ಸಂಜೆ ಒಲೆ ಮುಂದೆ ಕೂತು ತರಗು ಬೆಂಕಿಯ ವಿಷಯ ಎತ್ತಿದರು. ಚಳಿ ಮುಗಿಯುವ ಹೊತ್ತಿಗೆ, ತರಗೆಲೆ ಇನ್ನೂ ತೆಳ್ಳಗಿರುವಾಗಲೇ ನೆಲಕ್ಕೆ ಸಣ್ಣ ಬೆಂಕಿ ಮುಟ್ಟಿಸುವುದು. ಉರಿ ಮೊಣಕಾಲು ದಾಟುವುದಿಲ್ಲ, ದೊಡ್ಡ ಮರಕ್ಕೆ ಏನೂ ಆಗುವುದಿಲ್ಲ. ಹುಲ್ಲು ಚಿಗುರುತ್ತದೆ, ಕಡವೆ ಬರುತ್ತದೆ, ಕಾಡನ್ನೆಲ್ಲ ಆವರಿಸುವ ಕಳೆ ಲಂಟಾನದ ಸಸಿ ಸುಟ್ಟುಹೋಗುತ್ತದೆ. "ಬೆಂಕಿ ನಿಂತ ಮೇಲೇ ಕಣವ್ವ ಲಂಟಾನ ಆಳೆತ್ತರ ಆದ್ದು, ನೆಲ್ಲಿ ಮರಕ್ಕೆ ಉಪ್ಪಿಲು ಹತ್ತಿದ್ದು" ಅಂದರು. ಉಪ್ಪಿಲು ಅಂದರೆ ಕೊಂಬೆಯ ಮೇಲೆ ಕೂತು ಮರದ ರಸ ಹೀರುವ ಬಂದಳಿಕೆ. ಜಾಸ್ತಿಯಾದರೆ ಮರವೇ ಒಣಗುತ್ತದೆ. 1974ರಲ್ಲಿ ಬೆಟ್ಟದ ಕಾಡು ಅಭಯಾರಣ್ಯವಾಯಿತು. ಕಾಡೊಳಗಿದ್ದ ಪೋಡುಗಳನ್ನು ಎಬ್ಬಿಸಿದರು, ಬೆಂಕಿ ಅಪರಾಧವಾಯಿತು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಪೂರ್ತಿ ಹೇಳಲೇಬೇಕು.

ಅಜ್ಜ ಹೇಳಿದ್ದು "ಹಾಕ್ತಿದ್ದೊ" ಅಂತ. ನಾನು ಬರೆದದ್ದು "ಹಾಕುತ್ತಾರೆ" ಅಂತ. ಅಷ್ಟೇ ವ್ಯತ್ಯಾಸ. ವರದಿಗಳಲ್ಲಿ ಹಾಗೇ ಬರೆಯುವುದು ರೂಢಿ ಅಲ್ವಾ? ಸೋಲಿಗರು ಜೇನು ಕೀಳುತ್ತಾರೆ, ರೊಟ್ಟಿ ಹಬ್ಬ ಮಾಡುತ್ತಾರೆ, ತರಗು ಬೆಂಕಿ ಹಾಕುತ್ತಾರೆ. ಜೇನಿಗೂ ಹಬ್ಬಕ್ಕೂ ಆ ಮಾತು ಸರಿ. ಬೆಂಕಿಗೆ ಸರಿಯಲ್ಲ, ಅದು ನಿಂತು ದಶಕಗಳಾಗಿದ್ದವು. ಜೊತೆಗೆ ಆ ಪ್ಯಾರಾದ ಮೊದಲ ಸಾಲಿನಲ್ಲೇ ಪೋಡಿನ ಹೆಸರು ಹಾಕಿದೆ. ಹೆಸರಿದ್ದರೆ ಅವರಿಗೆ ಗೌರವ ಅಂದುಕೊಂಡಿದ್ದೆ. ಕಳಿಸುವ ಮೊದಲು ಒಂದು ಸಲ ಅಜ್ಜನ ಮುಂದೆ ಕೂತು ಓದಿ ಹೇಳಿದ್ದರೆ "ಹಂಗಲ್ಲ ಕಣವ್ವ" ಅಂತ ಅವರೇ ತಿದ್ದುತ್ತಿದ್ದರು. ಓದಲಿಲ್ಲ. ಗಡುವು ಹತ್ತಿರ ಬಂದಿತ್ತು, ಬಸ್ಸಿಗೆ ಹೊತ್ತಾಗಿತ್ತು.

ಮುಂದಿನ ಬೇಸಿಗೆಯಲ್ಲಿ ಗುಡ್ಡದ ಆಚೆ ಎಲ್ಲೋ ಬೆಂಕಿ ಬಿತ್ತು. ಯಾರಿಂದ ಅಂತ ಇವತ್ತಿಗೂ ಗೊತ್ತಾಗಿಲ್ಲ. ನನ್ನ ಹಾಳೆಯ ಪ್ರತಿ ಹಿಡಿದು ಪೋಡಿಗೆ ಜನ ಬಂದರು. ಇಬ್ಬರು ಹುಡುಗರನ್ನು ವಿಚಾರಣೆಗೆ ಕರೆದುಕೊಂಡು ಹೋಗಿ ಎರಡು ದಿನ ಕೂರಿಸಿದರು. ಅವರಲ್ಲಿ ಒಬ್ಬ ಅಜ್ಜನ ಮೊಮ್ಮಗ. ಸುದ್ದಿ ಕೇಳಿ ನಾನು ಓಡಿ ಹೋದೆ. ಅಜ್ಜ ಬೈಯಲಿಲ್ಲ. ಟೀ ಕೊಡಿಸಿದರು, ಊಟ ಮಾಡಿಸಿದರು. ಆದರೆ ಕಾಡಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವರು ತೀರಿಕೊಳ್ಳುವವರೆಗೂ ನನ್ನ ಹತ್ತಿರ ಆಡಲಿಲ್ಲ.

ಆದ್ದರಿಂದ ರೆಕಾರ್ಡರ್ ಯಾವುದು ಅಂತ ನಾನು ಹೇಳುವುದಿಲ್ಲ. ಹಿರಿಯರು ಹೋದರೆ ತಿಳಿವಳಿಕೆಯೂ ಹೋಗುತ್ತದೆ ಅಂತ ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಅಜ್ಜನ ಮೊಮ್ಮಗನಿಗೆ ತರಗು ಬೆಂಕಿ ಬರುವುದಿಲ್ಲ ಅಂದರೆ ಅದಕ್ಕೆ ಕಾರಣ ಯಾರೂ ಬರೆದಿಡಲಿಲ್ಲ ಅನ್ನುವುದಲ್ಲ, ಹಾಕಲು ಬಿಡಲಿಲ್ಲ ಅನ್ನುವುದು. ಗಾಳಿ ಯಾವ ಕಡೆ ತಿರುಗಿದಾಗ ಕೈ ತಡೆಯಬೇಕು ಅನ್ನುವುದನ್ನು ಆಡಿಯೋ ಕೇಳಿ ಯಾರು ಕಲಿಯುತ್ತಾರೆ? 2006ರ ಸುಮಾರಿಗೆ ಅಭಯಾರಣ್ಯದಲ್ಲಿ ಜೇನು, ನೆಲ್ಲಿಕಾಯಿಯಂಥ ಕಿರು ಅರಣ್ಯ ಉತ್ಪನ್ನಗಳ ಸಂಗ್ರಹವನ್ನೂ ನಿಲ್ಲಿಸಿದರು. ನೆಲ್ಲಿಕಾಯಿ ಕೊಯ್ಯುವಾಗ ಉಪ್ಪಿಲು ಕತ್ತರಿಸಿ ಬರುತ್ತಿದ್ದವರು ಮರದ ಹತ್ತಿರ ಹೋಗುವುದೇ ತಪ್ಪಾಯಿತು.

ಕಾಡಿನ ಬಾಗಿಲು ಸ್ವಲ್ಪವಾದರೂ ತೆರೆದದ್ದು 2006ರ ಅರಣ್ಯ ಹಕ್ಕು ಕಾಯ್ದೆ. ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದ 2011ರಲ್ಲೇ 25 ಸೋಲಿಗ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಅದಕ್ಕಾಗಿ ಹೋರಾಡಿದವರು ಸೋಲಿಗರೇ. ಕಾಡನ್ನು ಕಾಯುವ, ನಿರ್ವಹಿಸುವ ಹಕ್ಕೂ ಆ ಕಾಯ್ದೆಯಲ್ಲಿದೆ. ಅದನ್ನು ನಿಜಕ್ಕೂ ಚಲಾಯಿಸಬೇಕಾದರೆ ಸಭೆ ಸೇರಬೇಕು, ನಡಾವಳಿ ಬರೆಯಬೇಕು, ನಕ್ಷೆ ಮಾಡಬೇಕು, ಅರ್ಜಿ ಹಿಡಿದು ಅಲೆಯಬೇಕು. ನಿಮಗೆ ಬರೆಯಲು ಬರುತ್ತದಲ್ಲ, ಗ್ರಾಮಸಭೆಯವರು ಬೇಕು ಅಂದರೆ ಅದನ್ನು ಬರೆದುಕೊಡಿ. ಬೇಡ ಅಂದರೆ ವಾಪಸ್ ಬನ್ನಿ. ಬರೆದದ್ದನ್ನು ಅಲ್ಲೇ ಜೋರಾಗಿ ಓದಿ. ಅವರು ತಿದ್ದಲಿ. ಕಾಗದ ಅವರ ಹತ್ತಿರವೇ ಇರಲಿ.

ನಾನು ಈಗ ವರ್ಷಕ್ಕೆ ಮೂರ್ನಾಲ್ಕು ಸಲ ಹೋಗುತ್ತೇನೆ, ನಡಾವಳಿ ಬರೆಯಲಿಕ್ಕೆ. ಕಳೆದ ಚಳಿಗಾಲದಲ್ಲಿ ಅಜ್ಜನ ಸೊಸೆ ನೆಲ್ಲಿ ಕೊಯ್ಯಲು ಹೊರಟಿದ್ದರು, ನನ್ನನ್ನೂ ಕರೆದರು. ಒಂದು ಕೊಂಬೆಯ ಮೇಲೆ ಉಪ್ಪಿಲು ದಟ್ಟವಾಗಿ ಕೂತಿತ್ತು. ಅಭ್ಯಾಸಬಲದಿಂದ ನನ್ನ ಕೈ ಚೀಲದೊಳಗಿನ ಪುಸ್ತಕಕ್ಕೆ ಹೋಯಿತು. ಅವರು ಕತ್ತಿ ಚಾಚಿದರು. "ಈ ಕಡೆಯಿಂದ ಕಡಿ, ಬುಡದಲ್ಲಿ ಒಂಚೂರೂ ಉಳೀಬಾರ್ದು" ಅಂದರು.