ಹಿಸ್ಸೆಯಾದ ರಾಜ್ಯವನ್ನ ಮತ್ತೆ ಕೂಡಿಸಿದ ಗಡ್ಡದ ದೊರೆ

ಪ್ರಶ್ನೆ: ನಮ್ಮ ಮಗಳು ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಓದ್ತಿದಾಳೆ. ಅವಳ ಯೂನಿವರ್ಸಿಟಿ ಹೆಸರಲ್ಲೇ ಎಬರ್‌ಹಾರ್ಡ್ ಅಂತ ಒಬ್ಬ ರಾಜ ಇದಾನೆ, ಗಡ್ಡದ ಎಬರ್‌ಹಾರ್ಡ್ ಅಂತ್ಲೇ ಕರೀತಾರಂತೆ. ಯಾರು ಸಾರ್ ಇವನು? ಮಕ್ಕಳಿರ್ಲಿಲ್ವಂತೆ, ಹೌದಾ?
– ಓದುಗರೊಬ್ಬರು, ಸಾಗರ

ಉತ್ತರ: ಇವನ ಕಥೆ ಅಡಿಕೆ ತೋಟದವರಿಗೆ ಬೇಗ ಅರ್ಥ ಆಗತ್ತೆ, ಯಾಕಂದ್ರೆ ಶುರುವಾಗೋದೇ ಹಿಸ್ಸೆಯಿಂದ. 1442ರಲ್ಲಿ ಲುಡ್ವಿಗ್, ಉಲ್ರಿಕ್ ಅನ್ನೋ ಅಣ್ಣತಮ್ಮ, ಟ್ಯೂಬಿಂಗನ್ ಇರೋ ವುರ್ಟೆಂಬರ್ಗ್ ಸೀಮೆಯನ್ನ ಎರಡು ಪಾಲು ಮಾಡ್ಕೊಂಡ್ರು, ಒಬ್ಬನಿಗೆ ಉರಾಖ್ ಕಡೆ, ಇನ್ನೊಬ್ಬನಿಗೆ ಸ್ಟುಟ್‌ಗಾರ್ಟ್ ಕಡೆ. ಉರಾಖ್‌ನ ಲುಡ್ವಿಗ್ ಮಗನೇ ನಮ್ಮ ಎಬರ್‌ಹಾರ್ಡ್, ಹುಟ್ಟಿದ್ದು 1445. ಐದು ವರ್ಷ ತುಂಬೋದ್ರೊಳಗೆ ಅಪ್ಪ ಹೋದ, ತಾಯಿ ಮೆಕ್ಟಿಲ್ಡ್ ಇನ್ನೊಂದು ಮದುವೆಯಾಗಿ ಆಸ್ಟ್ರಿಯದ ರಾಜಮನೆತನಕ್ಕೆ ಹೋದ್ಲು, ಆಮೇಲೆ ಅಣ್ಣನೂ ತೀರ್ಕೊಂಡ, ಹಂಗಾಗಿ 14ನೇ ವಯಸ್ಸಿಗೇ ಅಧಿಕಾರ ಕೈಗೆ ಬಂತು. ಹುಡುಗ ಆಗ ಸ್ವಲ್ಪ ಅಡ್ಡಾದಿಡ್ಡಿನೇ ಅನ್ನಿ. 1468ರಲ್ಲಿ ಜೆರುಸಲೇಂ ಯಾತ್ರೆಗೆ ಹೋಗಿ ಬಂದ, ಹರಕೆ ಹೊತ್ತು ಗಡ್ಡ ಬಿಟ್ಟ ಅನ್ನೋ ಕಥೆ ಆ ಯಾತ್ರೆಗೇ ಅಂಟ್ಕೊಂಡಿದೆ, ಅವನ ಲಾಂಛನದಲ್ಲಿರೋ ತಾಳೆಮರದ್ದೂ ಅಷ್ಟೇ.

ಮದುವೆ 1474ರಲ್ಲಿ, ಇಟಲಿಯ ಮಾಂಟುವಾದ ಬಾರ್ಬರಾ ಗೊನ್ಜಾಗಾ ಜೊತೆ. ಉರಾಖ್ ಅಂತ ಪುಟ್ಟ ಊರಲ್ಲಿ 13-14 ಸಾವಿರ ಜನ ಉಂಡ್ರು ಅಂತ ಲೆಕ್ಕ ಹೇಳ್ತಾರೆ, ನಮ್ಮ ಕಡೆ ಎಷ್ಟೇ ದೊಡ್ಡ ಚಪ್ಪರ ಹಾಕಿದ್ರೂ ಹೆದರಿಕೆ ಆಗೋ ಲೆಕ್ಕ ಅದು. ಒಂದು ಹೆಣ್ಣುಮಗು ಹುಟ್ತು, ಉಳೀಲಿಲ್ಲ. ಮದುವೆಯಾಚೆಗಿನ ಗಂಡುಮಕ್ಕಳು ಇದ್ರು, ಆದ್ರೆ ಪಟ್ಟಕ್ಕೆ ಅವರು ಬರೋ ಹಂಗಿಲ್ಲ. ಕೆಳದಿ ಚೆನ್ನಮ್ಮಾಜಿ ದತ್ತು ತಗೊಂಡ ಹಂಗೆ ತಗೊಳೋ ಪದ್ಧತಿನೂ ಅಲ್ಲಿರ್ಲಿಲ್ಲ.

ಇಲ್ಲೇ ನೋಡಿ ಅವನ ತಲೆ. ಆ ಇನ್ನೊಂದು ಪಾಲಿನ ಚಿಕ್ಕಪ್ಪ ಉಲ್ರಿಕ್‌ನ ಮಗನ ಹೆಸರೂ ಎಬರ್‌ಹಾರ್ಡೇ, ದುಂದುಗಾರ, ಸಾಲಗಾರ. 1482ರಲ್ಲಿ ಮ್ಯೂನ್ಸಿಂಗನ್ ಅನ್ನೋ ಊರಲ್ಲಿ ಕೂತು ಅವನ ಜೊತೆ ಕರಾರು ಮಾಡ್ಕೊಂಡ, ಎರಡೂ ಪಾಲು ಒಂದಾಗಬೇಕು, ಇನ್ಮೇಲೆ ಒಡೀಬಾರ್ದು, ನಾನಿರೋ ತನಕ ಆಳೋದು ನಾನು, ನನ್ನ ನಂತರ ನೀನು. ನಮ್ಮನೆ ತೋಟ ಹಿಸ್ಸೆಯಾಗಿ 30 ವರ್ಷ ಆಯ್ತು, ಬೇಲಿ ಕೀಳ್ತೀನಿ ಅನ್ನೋನು ಇನ್ನೂ ಹುಟ್ಟಿಲ್ಲ! ದಾಯಾದಿ ಮೇಲೆ ನಂಬಿಕೆ ಅಷ್ಟಕ್ಕಷ್ಟೇ ಇತ್ತು ಅನ್ಸತ್ತೆ, 1492ರ ಇನ್ನೊಂದು ಒಪ್ಪಂದದಲ್ಲಿ ಸೀಮೆಯ ಪ್ರಮುಖರಿಗೂ ಆಡಳಿತದಲ್ಲಿ ಮಾತಾಡೋ ಹಕ್ಕು ಕೊಟ್ಟ.

ಯೂನಿವರ್ಸಿಟಿ ಕಟ್ಟಿದ್ದು 1477ರಲ್ಲಿ. ತಮಾಷೆ ಅಂದ್ರೆ ಆಗ ವಿದ್ಯೆಯ ಭಾಷೆ ಲ್ಯಾಟಿನ್, ಇವನಿಗೇ ಅದು ಬರ್ತಿರ್ಲಿಲ್ಲ, ಪುಸ್ತಕಗಳನ್ನ ಜರ್ಮನ್‌ಗೆ ಮಾಡಿಸ್ಕೊಂಡು ಓದ್ತಿದ್ದ, ಆದ್ರೆ ಅವನ ಧ್ಯೇಯವಾಕ್ಯ ಮಾತ್ರ ಲ್ಯಾಟಿನ್ನೇ: ಅಟೆಂಪ್ಟೊ, ಅಂದ್ರೆ ಕೈ ಹಾಕೇ ನೋಡ್ತೀನಿ ಅಂತ. ಬರೀ ಹೊಗಳೋದೂ ಸರಿಯಲ್ಲ, ವಿದ್ಯೆಗೆ ಬಾಗಿಲು ತೆಗೆದ ಅದೇ ವರ್ಷ ಟ್ಯೂಬಿಂಗನ್‌ನಲ್ಲಿ ಯಹೂದಿಗಳು ಇರೋ ಹಂಗಿಲ್ಲ ಅಂದೋನೂ ಇವನೇ.

1495ರಲ್ಲಿ ಜರ್ಮನಿಯ ದೊರೆ ಮ್ಯಾಕ್ಸಿಮಿಲಿಯನ್ ಅವನಿಗೆ ಡ್ಯೂಕ್ ಪದವಿ ಕೊಟ್ಟ, ಮಾರನೇ ವರ್ಷನೇ ಎಬರ್‌ಹಾರ್ಡ್ ಸತ್ತ. ಆಮೇಲೆ ಬಂದ ದಾಯಾದಿಯನ್ನ 1498ರಲ್ಲಿ ಸೀಮೆಯವರೇ ಸೇರಿ ಇಳಿಸಿದ್ರು, ರಾಜ್ಯ ಮಾತ್ರ ಒಡೀಲಿಲ್ಲ. ಗಡ್ಡದ ಎಬರ್‌ಹಾರ್ಡ್ ಸಮಾಧಿ ಟ್ಯೂಬಿಂಗನ್‌ನ ದೊಡ್ಡ ಚರ್ಚ್ ಒಳಗೇ ಇದೆ, ಮಗಳಿಗೆ ಹೇಳಿ, ಬಿಡುವಿದ್ದಾಗ ನೋಡ್ಕೊಂಡು ಬರ್ಲಿ.