ಕಾವಲು ಆ್ಯಪ್ ಹಾಕಿದರೆ ಫೋನ್ ಭದ್ರವೇ?

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಅನುಮಾನದ ಸುತ್ತ ಇವೆ. ಹಾಗಾಗಿ ಬ್ಯಾಟರಿ, ಸ್ಟೋರೇಜ್ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ಪ್ಲೇ ಸ್ಟೋರಿನಿಂದ ಒಂದು ಪ್ರೈವಸಿ ಆ್ಯಪ್ ಹಾಕಿಕೊಂಡಿದ್ದೇನೆ. ಯಾವ ಆ್ಯಪ್ ಯಾವಾಗ ಲೊಕೇಶನ್, ಮೈಕ್, ಕ್ಯಾಮೆರಾ ಮುಟ್ಟಿತು ಅಂತ ತೋರಿಸುತ್ತದೆ. ರಾತ್ರಿ ‘ನಿಮ್ಮ ಫೋನ್ ಸುರಕ್ಷಿತ’ ಎಂದು ಹಸಿರು ಟಿಕ್ ಬರುತ್ತದೆ. ಈಗ ವರ್ಷದ ಚಂದಾ ಕೇಳುತ್ತಿದೆ. ಕಟ್ಟಲೇ? ನಿಜಕ್ಕೂ ಇದರಿಂದ ರಕ್ಷಣೆ ಇದೆಯೇ?
— ನಿವೃತ್ತ ಬ್ಯಾಂಕ್ ನೌಕರರು, ಸಾಗರ

ಕಟ್ಟಬೇಡಿ. ಅದು ತೋರಿಸುವುದನ್ನು ನಿಮ್ಮ ಫೋನೇ ಬಿಟ್ಟಿಯಾಗಿ ತೋರಿಸುತ್ತದೆ. 2021ರಲ್ಲಿ ಬಂದ ಆಂಡ್ರಾಯ್ಡ್ 12ರಿಂದ ಸೆಟ್ಟಿಂಗ್ಸ್‌ನಲ್ಲಿ ‘ಪ್ರೈವಸಿ ಡ್ಯಾಶ್‌ಬೋರ್ಡ್’ ಇದೆ. ಮೊದಲು ಹಿಂದಿನ 24 ಗಂಟೆಯ ಲೆಕ್ಕ ಮಾತ್ರ ಸಿಗುತ್ತಿತ್ತು. ಆಂಡ್ರಾಯ್ಡ್ 13ರಿಂದ 7 ದಿನದ್ದು ಸಿಗುತ್ತದೆ. ಮೈಕ್ ಅಥವಾ ಕ್ಯಾಮೆರಾ ಓಡುತ್ತಿದ್ದರೆ ಪರದೆಯ ಮೇಲಿನ ಮೂಲೆಯಲ್ಲಿ ಹಸಿರು ಚುಕ್ಕೆ ಕಾಣುತ್ತದೆ.

ಚಂದಾಕ್ಕಿಂತ ಮೊದಲು ಇನ್ನೊಂದು ನೋಡಿ. ಆ ಆ್ಯಪಿಗೆ ನೀವು ಯಾವ ಅನುಮತಿ ಕೊಟ್ಟಿದ್ದೀರಿ? ಆಂಡ್ರಾಯ್ಡಿನಲ್ಲಿ ಒಂದು ಆ್ಯಪ್ ಇನ್ನೊಂದರೊಳಗೆ ಇಣುಕುವ ಹಾಗಿಲ್ಲ. ಅದಕ್ಕೇ ಈ ಥರದ ಹಲವು ಆ್ಯಪ್‌ಗಳು ‘ಆ್ಯಕ್ಸೆಸಿಬಿಲಿಟಿ’ ಅನುಮತಿ ಕೇಳುತ್ತವೆ. ಕಣ್ಣು ಕಾಣದವರಿಗೆ ಪರದೆ ಓದಿ ಹೇಳಲು ಮಾಡಿದ ಸೌಲಭ್ಯ ಅದು. ಅದು ಸಿಕ್ಕರೆ ಪರದೆಯ ಮೇಲಿನ ಬರಹವನ್ನು ಓದಬಹುದು, ನಿಮ್ಮ ಬದಲು ಬಟನ್ ಒತ್ತಬಹುದು. ಒಟಿಪಿ ಬಂದರೂ ಕಾಣುತ್ತದೆ, ಮಗಳಿಗೆ ಬರೆದ ಮೆಸೇಜೂ ಕಾಣುತ್ತದೆ. ಲೊಕೇಶನ್ ಹೋಗಬಾರದೆಂದು ಇಡೀ ಪರದೆಯನ್ನೇ ಬೇರೆಯವರಿಗೆ ಒಪ್ಪಿಸುವುದು ಯಾವ ಲೆಕ್ಕ?

ಇದನ್ನು ಸುಮ್ನೆ ಹೆದರಿಸಲು ಹೇಳುತ್ತಿಲ್ಲ. ಒನಾವೊ ಪ್ರೊಟೆಕ್ಟ್ ಎಂಬ ಆ್ಯಪ್ ಇತ್ತು. ‘ನಿಮ್ಮ ಮಾಹಿತಿಯನ್ನು ಕಾಪಾಡುತ್ತೇವೆ’ ಎಂದು ಜಾಹೀರಾತು ಕೊಡುತ್ತಿದ್ದ ವಿಪಿಎನ್, ಅಂದರೆ ಫೋನಿನ ಇಂಟರ್‌ನೆಟ್ ಸಂಪರ್ಕವನ್ನೆಲ್ಲ ತನ್ನ ಮೂಲಕ ಹಾಯಿಸುವ ಆ್ಯಪ್. 2013ರಲ್ಲಿ ಫೇಸ್‌ಬುಕ್ ಆ ಕಂಪನಿಯನ್ನು ಕೊಂಡಿತು. ಜನ ಬೇರೆ ಯಾವ ಆ್ಯಪ್‌ಗಳನ್ನು ಎಷ್ಟು ಬಳಸುತ್ತಾರೆ ಎಂಬ ಲೆಕ್ಕ ಅದರ ಮೂಲಕ ಫೇಸ್‌ಬುಕ್ಕಿಗೆ ಹೋಗುತ್ತಿತ್ತು. 2018ರಲ್ಲಿ ಆ್ಯಪಲ್ ಸ್ಟೋರಿನಿಂದ ಹೊರಬಿತ್ತು. 2023ರಲ್ಲಿ ಆಸ್ಟ್ರೇಲಿಯಾದ ಫೆಡರಲ್ ಕೋರ್ಟ್ ಇದೇ ವಿಷಯಕ್ಕೆ ಫೇಸ್‌ಬುಕ್ಕಿನ ಒಡೆಯ ಕಂಪನಿಯಾದ ಮೆಟಾದ ಅಂಗಸಂಸ್ಥೆಗಳಿಗೆ 2 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಅವಾಸ್ಟ್ ಎಂಬ ಆ್ಯಂಟಿವೈರಸ್ ಕಂಪನಿಯದೂ ಇದೇ ಕತೆ. ಬಳಕೆದಾರರು ಯಾವ ವೆಬ್‌ಸೈಟುಗಳಿಗೆ ಹೋದರು ಎಂಬ ಮಾಹಿತಿಯನ್ನು ಜಂಪ್‌ಶಾಟ್ ಎಂಬ ತನ್ನದೇ ಕಂಪನಿಯ ಮೂಲಕ ಮಾರುತ್ತಿತ್ತು. 2020ರಲ್ಲಿ ಸುದ್ದಿ ಹೊರಬಂದ ಮೇಲೆ ಜಂಪ್‌ಶಾಟ್ ಅಂಗಡಿ ಮುಚ್ಚಿತು. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ ಅಲ್ವಾ?

ಸರಿ, ನಿಮ್ಮ ಆ್ಯಪ್ ಪೂರ್ತಿ ಪ್ರಾಮಾಣಿಕ ಎಂದೇ ಇಟ್ಟುಕೊಳ್ಳೋಣ. ಆಗಲೂ ಆ ಹಸಿರು ಟಿಕ್ ಮೇಲೆ ನನಗೆ ಸಿಟ್ಟಿದೆ. ಮೈಕ್, ಕ್ಯಾಮೆರಾ, ಲೊಕೇಶನ್ ಯಾರೂ ಮುಟ್ಟಲಿಲ್ಲ ಎಂದಷ್ಟೇ ಅದು ಹೇಳಬಲ್ಲದು. ಮುಟ್ಟಿದ ಮೇಲೆ ಆ ಮಾಹಿತಿ ಎಲ್ಲಿಗೆ ಹೋಯಿತು ಎಂದು ಹೇಳುವುದಿಲ್ಲ. ಆಂಡ್ರಾಯ್ಡಿನಲ್ಲಿ ಇಂಟರ್‌ನೆಟ್ ಬಳಸಲು ಆ್ಯಪ್ ನಿಮ್ಮನ್ನು ಕೇಳಬೇಕಾಗಿಲ್ಲ. ಇನ್‌ಸ್ಟಾಲ್ ಆದ ಕೂಡಲೇ ಆ ಅನುಮತಿ ತಾನಾಗಿ ಸಿಗುತ್ತದೆ. ಟಾರ್ಚ್ ಆ್ಯಪಿಗೂ ಸಿಗುತ್ತದೆ, ಕ್ಯಾಲ್ಕುಲೇಟರಿಗೂ ಸಿಗುತ್ತದೆ.

ನಾನು ಕೆಲವು ವರ್ಷ ಬೆಂಗಳೂರಿನಲ್ಲಿ ಆ್ಯಪ್ ಟೆಸ್ಟಿಂಗ್ ಕೆಲಸ ಮಾಡಿದವಳು. ಒಂದು ಪಂಚಾಂಗದ ಆ್ಯಪ್ ಪರೀಕ್ಷೆಗೆ ಬಂದಿತ್ತು. ತಿಥಿ, ನಕ್ಷತ್ರ, ರಾಹುಕಾಲ, ಅಷ್ಟೇ. ಯಾವ ಅನುಮತಿಯನ್ನೂ ಕೇಳುತ್ತಿರಲಿಲ್ಲ. ಆದರೆ ತೆರೆದ ಕ್ಷಣದಿಂದ ಒಂದಾದ ಮೇಲೊಂದು ಜಾಹೀರಾತು ಕಂಪನಿಗಳ ಸರ್ವರಿಗೆ ಸಂಪರ್ಕ ಮಾಡುತ್ತಿತ್ತು. ಫೋನಿನ ಮಾಡೆಲ್, ಭಾಷೆ, ನೆಟ್‌ವರ್ಕ್, ಜಾಹೀರಾತು ಐಡಿ (ಜಾಹೀರಾತು ಕಂಪನಿಗಳು ನಿಮ್ಮ ಫೋನನ್ನು ಗುರುತಿಸುವ ಸಂಖ್ಯೆ) ಎಲ್ಲ ಹೋಗುತ್ತಿದ್ದವು. ಮಾಡಿದ ಹುಡುಗನನ್ನು ಕೇಳಿದರೆ ಅವನಿಗೇ ಪೂರ್ತಿ ಗೊತ್ತಿಲ್ಲ. ಜಾಹೀರಾತು ಕಂಪನಿ ಕೊಟ್ಟ ಕೋಡನ್ನು ಇದ್ದ ಹಾಗೇ ಒಳಗೆ ಸೇರಿಸಿದ್ದ. ಇಂಥ ಆ್ಯಪಿನ ಎದುರು ಡ್ಯಾಶ್‌ಬೋರ್ಡ್ ಪೂರ್ತಿ ಖಾಲಿ ಇರುತ್ತದೆ.

ಅನುಮತಿ ಕೊಡದಿದ್ದರೂ ಹಿಂಬಾಗಿಲಿನಿಂದ ಬರುವವರೂ ಇದ್ದಾರೆ. 2019ರಲ್ಲಿ ಅಮೆರಿಕ, ಸ್ಪೇನ್, ಕೆನಡಾದ ಸಂಶೋಧಕರು 88,000ಕ್ಕೂ ಹೆಚ್ಚು ಆಂಡ್ರಾಯ್ಡ್ ಆ್ಯಪ್‌ಗಳನ್ನು ಪರೀಕ್ಷಿಸಿದರು. ಒಂದು ಫೋಟೋ ಆ್ಯಪ್ ಲೊಕೇಶನ್ ಅನುಮತಿ ಇಲ್ಲದೆಯೇ, ಫೋಟೋದೊಳಗೆ ಅಡಗಿರುವ ಜಾಗದ ವಿವರವನ್ನು ಓದಿ ಕಳಿಸುತ್ತಿತ್ತು. ಇನ್ನು ಕೆಲವು, ಅನುಮತಿ ಇದ್ದ ಆ್ಯಪ್ ಮೆಮೊರಿ ಕಾರ್ಡಿನಲ್ಲಿ ಬರೆದಿಟ್ಟ ಐಎಂಇಐ ನಂಬರನ್ನು (ಪ್ರತಿ ಫೋನಿಗೂ ಬೇರೆ ಬೇರೆ ಇರುವ ಗುರುತಿನ ಸಂಖ್ಯೆ) ಅಲ್ಲಿಂದ ಓದಿಕೊಳ್ಳುತ್ತಿದ್ದವು. ಆ ದಾರಿಗಳಲ್ಲಿ ಹಲವನ್ನು ಗೂಗಲ್ ಆಮೇಲೆ ಮುಚ್ಚಿತು. ಆದರೆ 2025ರ ಜೂನ್‌ನಲ್ಲಿ ಹೊಸದೊಂದು ಸಿಕ್ಕಿತು. ಬ್ರೌಸರಿನಲ್ಲಿ ನೀವು ನೋಡುವ ಎಷ್ಟೋ ವೆಬ್‌ಸೈಟುಗಳಲ್ಲಿ ಮೆಟಾದ ಒಂದು ಸಣ್ಣ ಕೋಡ್ ಇರುತ್ತದೆ. ಅದು ಫೋನಿನೊಳಗೇ ಇದ್ದ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಆ್ಯಪ್‌ಗಳಿಗೆ ಗುಟ್ಟಾಗಿ ಸುದ್ದಿ ಮುಟ್ಟಿಸುತ್ತಿತ್ತು. ಬ್ರೌಸರಿನ ಗುಪ್ತ ಕಿಟಕಿಯಾದ ಇನ್‌ಕಾಗ್ನಿಟೊದಲ್ಲಿ ನೋಡಿದರೂ, ವೆಬ್‌ಸೈಟುಗಳು ಬಿಟ್ಟುಹೋಗುವ ಗುರುತಾದ ಕುಕಿ ಅಳಿಸಿದರೂ ಪ್ರಯೋಜನವಿರಲಿಲ್ಲ. ರಷ್ಯಾದ ಯಾಂಡೆಕ್ಸ್ ಕಂಪನಿ 2017ರಿಂದಲೇ ಇಂಥದ್ದನ್ನು ಮಾಡುತ್ತಿತ್ತು. ಸಂಶೋಧಕರು ಬಯಲು ಮಾಡಿದ ದಿನವೇ ಮೆಟಾ ನಿಲ್ಲಿಸಿತು. ಅಲ್ಲಿಯವರೆಗೆ ಯಾವ ಹಸಿರು ಚುಕ್ಕೆಯೂ ಮಿನುಗಿರಲಿಲ್ಲ.

ಹಾಗಾದರೆ ಯಾವುದೂ ಕೆಲಸಕ್ಕೆ ಬರುವುದಿಲ್ಲವೇ? ಬರುತ್ತದೆ. ತೋರಿಸುವ ಆ್ಯಪ್ ಬೇರೆ, ತಡೆಯುವ ಆ್ಯಪ್ ಬೇರೆ. ಡಕ್‌ಡಕ್‌ಗೋ ಬ್ರೌಸರಿನಲ್ಲಿ ‘ಆ್ಯಪ್ ಟ್ರ್ಯಾಕಿಂಗ್ ಪ್ರೊಟೆಕ್ಷನ್’ ಇದೆ, ಬಿಟ್ಟಿ. ನೆಟ್‌ಗಾರ್ಡ್, ಟ್ರ್ಯಾಕರ್‌ಕಂಟ್ರೋಲ್ ಎಂಬವೂ ಇವೆ. ಇವು ಫೋನಿನೊಳಗೇ ಒಂದು ವಿಪಿಎನ್ ಮಾಡಿಕೊಂಡು, ಹೊರಗೆ ಹೋಗುವ ಸಂಪರ್ಕಗಳಲ್ಲಿ ಬೇಡದ್ದನ್ನು ನಿಲ್ಲಿಸುತ್ತವೆ. ಪಂಚಾಂಗದಂಥ ಆ್ಯಪ್‌ಗಳ ಬಾಯಿ ಚೆನ್ನಾಗಿ ಕಟ್ಟುತ್ತವೆ. ಆದರೆ ಮಿತಿಗಳಿವೆ. ಆಂಡ್ರಾಯ್ಡಿನಲ್ಲಿ ಒಂದು ಸಲಕ್ಕೆ ಒಂದೇ ವಿಪಿಎನ್. ಕೆಲವು ಬ್ಯಾಂಕ್ ಆ್ಯಪ್‌ಗಳು ವಿಪಿಎನ್ ಕಂಡರೆ ತೆರೆದುಕೊಳ್ಳುವುದೇ ಇಲ್ಲ. ಬ್ಯಾಟರಿ ಉಳಿಸುವ ನೆಪದಲ್ಲಿ ಕೆಲವು ಫೋನುಗಳು ಈ ಕಾವಲನ್ನೇ ಕೊಂದುಹಾಕುತ್ತವೆ. ಇನ್ನು ಒಂದು ಕಂಪನಿ ತನ್ನದೇ ಆ್ಯಪಿನಿಂದ ತನ್ನದೇ ಸರ್ವರಿಗೆ ಒಯ್ಯುವುದನ್ನು ತಡೆದರೆ ಆ್ಯಪೇ ನಿಂತುಹೋಗುತ್ತದೆ. ಅಲ್ಲಿಂದ ಅದು ಬೇರೆ ಕಂಪನಿಗೆ ಕೊಟ್ಟರೆ ನಿಮ್ಮ ಫೋನಿನಲ್ಲಿ ಕೂತು ಯಾರೂ ನೋಡಲಾಗುವುದಿಲ್ಲ.

ನೀವು ಈಗ ಮಾಡಬೇಕಾದದ್ದು: ಮೊದಲು ಆ ಆ್ಯಪಿನ ಆ್ಯಕ್ಸೆಸಿಬಿಲಿಟಿ ತೆಗೆದು, ಆ್ಯಪನ್ನೂ ತೆಗೆಯಿರಿ. ಚಂದಾ ಶುರುವಾಗಿದ್ದರೆ ಪ್ಲೇ ಸ್ಟೋರಿನಲ್ಲಿ ಬೇರೆಯಾಗಿ ರದ್ದು ಮಾಡಬೇಕು, ಆ್ಯಪ್ ತೆಗೆದರೆ ಚಂದಾ ನಿಲ್ಲುವುದಿಲ್ಲ. ಆಮೇಲೆ ಡ್ಯಾಶ್‌ಬೋರ್ಡ್ ತೆರೆದು, ಲೊಕೇಶನ್ ಪಟ್ಟಿಯಲ್ಲಿ ಯಾರಿಗೆ ಅದರ ಅಗತ್ಯ ಇಲ್ಲವೋ ಅವರಿಗೆ ನಿಲ್ಲಿಸಿ. ಸೆಟ್ಟಿಂಗ್ಸ್‌ನ ಆ್ಯಡ್ಸ್ ವಿಭಾಗದಲ್ಲಿ ಜಾಹೀರಾತು ಐಡಿ ಅಳಿಸುವ ಅವಕಾಶ ಇದೆ, ಅದನ್ನೂ ಮಾಡಿ.

ಪ್ರಶ್ನೆ: ಅಕ್ಕನ ಜೊತೆ ಇಳಕಲ್ ಸೀರೆ ಬಗ್ಗೆ ಮಾತಾಡಿದ್ದಷ್ಟೇ, ಎಲ್ಲೂ ಹುಡುಕಿರಲಿಲ್ಲ. ಸಂಜೆ ಅದೇ ಸೀರೆ ಜಾಹೀರಾತು! ಹಸಿರು ಚುಕ್ಕೆ ಬಂದಿರಲಿಲ್ಲ. ಚುಕ್ಕೆ ಸುಳ್ಳು ಹೇಳುತ್ತಿದೆಯಾ?
— ಗೃಹಿಣಿ, ಬಾಗಲಕೋಟೆ

ಚುಕ್ಕೆ ಸುಳ್ಳು ಹೇಳಿರುವ ಸಾಧ್ಯತೆ ಬಹಳ ಕಡಿಮೆ. ಅದನ್ನು ತೋರಿಸುವುದು ಆಂಡ್ರಾಯ್ಡ್, ಆ್ಯಪ್ ಅಲ್ಲ. ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದವರು 2018ರಲ್ಲಿ 17,260 ಆ್ಯಪ್‌ಗಳನ್ನು ಇದೇ ಅನುಮಾನದಿಂದ ಪರೀಕ್ಷಿಸಿದರು. ಮೈಕ್ ತಾನಾಗಿ ಓಡಿ ಮಾತು ಕದ್ದದ್ದು ಒಂದೂ ಸಿಗಲಿಲ್ಲ. ಹುಡುಕದೇ ಸಿಕ್ಕಿದ್ದು ಬೇರೆ: ಕೆಲವು ಆ್ಯಪ್‌ಗಳು ಪರದೆಯ ಸ್ಕ್ರೀನ್‌ಶಾಟ್ ತೆಗೆದು ಇನ್ನೊಂದು ಕಂಪನಿಗೆ ಕಳಿಸುತ್ತಿದ್ದವು. ಒಂದು ಆ್ಯಪ್ ಪರದೆಯ ಮೇಲೆ ನಡೆಯುವುದನ್ನು ವಿಡಿಯೊ ಮಾಡಿಯೇ ಕಳಿಸುತ್ತಿತ್ತು.

ಸೀರೆ ಹೇಗೆ ಬಂತು? ಅಕ್ಕ ಹುಡುಕಿರಬಹುದು. ಇಬ್ಬರ ಫೋನೂ ಒಂದೇ ವೈಫೈಯಲ್ಲಿದ್ದರೆ ‘ಇವರು ಒಂದೇ ಮನೆಯವರು’ ಎಂದು ಜಾಹೀರಾತು ಕಂಪನಿಗೆ ಸಲೀಸಾಗಿ ಗೊತ್ತಾಗುತ್ತದೆ. ನಿಮ್ಮ ಊರು ಬಾಗಲಕೋಟೆ, ಇಳಕಲ್ ನಿಮ್ಮ ಜಿಲ್ಲೆಯದೇ. ಮದುವೆ ಸೀಸನ್ ಬೇರೆ. ಊಹೆಗೆ ಇಷ್ಟು ಸಾಕು. ಸರಿಹೊಂದದ ನೂರು ಜಾಹೀರಾತು ನಮಗೆ ನೆನಪಿರುವುದಿಲ್ಲ, ಸರಿಯಾಗಿ ಬಂದ ಒಂದು ನೆನಪಿರುತ್ತದೆ. ನನ್ನ ಪ್ರಕಾರ ಕದ್ದು ಕೇಳುವುದಕ್ಕಿಂತ, ಕೇಳದೆಯೇ ಇಷ್ಟು ಗೊತ್ತಾಗುವುದು ಜಾಸ್ತಿ ಹೆದರಿಕೆಯ ವಿಷಯ. ಅಷ್ಟಾದರೂ ಸಮಾಧಾನ ಇಲ್ಲದಿದ್ದರೆ ಮೇಲಿನಿಂದ ಎಳೆಯುವ ಪಟ್ಟಿಯಲ್ಲಿ ಮೈಕನ್ನು ಪೂರ್ತಿ ಬಂದ್ ಮಾಡುವ ಬಟನ್ ಇದೆ. ಮಾತಾಡುವಾಗ ಮಾತ್ರ ತೆರೆಯಿರಿ.

ಪ್ರಶ್ನೆ: ತಮ್ಮ ಯಾರೋ ಕಳಿಸಿದ ಲಿಂಕಿನಿಂದ ಸಾಲದ ಆ್ಯಪ್ ಹಾಕಿಕೊಂಡ. ಕಂತು ತಡವಾದ ಕೂಡಲೇ ನೆಂಟರಿಗೆಲ್ಲ ಅಸಹ್ಯ ಮೆಸೇಜ್ ಹೋಗುತ್ತಿವೆ. ಆ್ಯಪ್ ಡಿಲೀಟ್ ಮಾಡಿ, ಪರ್ಮಿಶನ್ ತೋರಿಸುವ ಆ್ಯಪ್ ಹಾಕಿದೆವು. ಅದು ‘ಅಪಾಯವಿಲ್ಲ’ ಎನ್ನುತ್ತಿದೆ, ಮೆಸೇಜ್ ನಿಂತಿಲ್ಲ.
— ಶಿಕ್ಷಕಿ, ಹುಬ್ಬಳ್ಳಿ

ಡಿಲೀಟ್ ಮಾಡುವ ಹೊತ್ತಿಗೆ ತಮ್ಮನ ಕಾಂಟ್ಯಾಕ್ಟ್ ಪಟ್ಟಿ ಅವರ ಸರ್ವರಿನಲ್ಲಿದೆ. ‘ಅಲೋ’ ಒತ್ತಿದ ಕೆಲವೇ ಕ್ಷಣದಲ್ಲಿ ಪೂರ್ತಿ ಹೋಗಿರುತ್ತದೆ. ಈಗ ಫೋನಿನಲ್ಲಿ ಏನು ಹಾಕಿದರೂ ಹೋದದ್ದು ವಾಪಸ್ ಬರುವುದಿಲ್ಲ. ಹಾಗಾಗಿ ಆ್ಯಪ್ ಹುಡುಕುವುದು ಬಿಡಿ.

ಮೊದಲು ಎಲ್ಲ ಮೆಸೇಜ್, ಕರೆಗಳ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಬಂದ ನಂಬರ್ ಕಾಣುವ ಹಾಗೆ. ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಜಿಲ್ಲೆಯಲ್ಲಿ ಸೈಬರ್ ಅಪರಾಧ ನೋಡುವ (ಸಿಇಎನ್) ಪೊಲೀಸ್ ಠಾಣೆಯಲ್ಲಿ ದೂರು ಕೊಡಿ. ನೆಂಟರಿಗೆ ನೀವೇ ಮುಂಚಿತವಾಗಿ ಒಂದು ಮಾತು ಹೇಳಿಬಿಡಿ. ಆ ಮೆಸೇಜಿನ ಶಕ್ತಿ ಇರುವುದೇ ಮರ್ಯಾದೆಯ ಹೆದರಿಕೆಯಲ್ಲಿ. ತಮ್ಮನನ್ನು ಈಗ ಬೈಯಬೇಡಿ, ಒಬ್ಬನೇ ಕೂರಲೂ ಬಿಡಬೇಡಿ.

ನಿಯಮ ನಿಮ್ಮ ಕಡೆ ಇದೆ. ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್, ಕಾಲ್ ಲಾಗ್, ಫೋಟೋ-ಫೈಲುಗಳನ್ನು ಮುಟ್ಟಬಾರದು ಎಂದು ಆರ್‌ಬಿಐ 2022ರ ಸೆಪ್ಟೆಂಬರ್‌ನಲ್ಲೇ ಹೇಳಿದೆ. ಕೆವೈಸಿಗಾಗಿ ಕ್ಯಾಮೆರಾ, ಲೊಕೇಶನ್‌ನಂಥವನ್ನು ಗ್ರಾಹಕರು ಒಪ್ಪಿದರೆ ಒಂದು ಸಲ ಬಳಸಬಹುದು. 2023ರ ಮೇ ಕೊನೆಯಿಂದ ಗೂಗಲ್ ಕೂಡ ಪ್ಲೇ ಸ್ಟೋರಿನ ಸಾಲದ ಆ್ಯಪ್‌ಗಳಿಗೆ ಕಾಂಟ್ಯಾಕ್ಟ್, ಫೋಟೋ ಮುಟ್ಟದಂತೆ ಕಟ್ಟು ಹಾಕಿತು. ಅದಕ್ಕೇ ಈ ಖದೀಮರು ವಾಟ್ಸ್‌ಆ್ಯಪಿನಲ್ಲಿ ಲಿಂಕ್, ಎಪಿಕೆ ಫೈಲ್ (ಪ್ಲೇ ಸ್ಟೋರ್ ಇಲ್ಲದೆ ನೇರವಾಗಿ ಆ್ಯಪ್ ಹಾಕುವ ಫೈಲ್) ಕಳಿಸುತ್ತಾರೆ. ಮದುವೆ ಆಮಂತ್ರಣ, ಟ್ರಾಫಿಕ್ ದಂಡದ ಚಲನ್ ಅಂತ ಬರುವ ಎಪಿಕೆಗಳೂ ಇದೇ ಸಂತಾನ. ಸಾಲ ಬೇಕೇ ಬೇಕು ಅನ್ನುವವರಿಗೆ ಒಂದು ಮಾತು: ನೋಂದಾಯಿತ ಬ್ಯಾಂಕು, ಹಣಕಾಸು ಕಂಪನಿಗಳ ಜೊತೆ ಕೆಲಸ ಮಾಡುವ ಸಾಲದ ಆ್ಯಪ್‌ಗಳ ಪಟ್ಟಿ 2025ರ ಜುಲೈಯಿಂದ ಆರ್‌ಬಿಐ ವೆಬ್‌ಸೈಟಿನಲ್ಲಿದೆ. ಹೆಸರು ಅದರಲ್ಲಿ ಇಲ್ಲದಿದ್ದರೆ ಮುಟ್ಟಬೇಡಿ.

ಪ್ರಶ್ನೆ: ಪ್ಲೇ ಸ್ಟೋರಿನಲ್ಲಿ ‘ಯಾವ ಮಾಹಿತಿಯನ್ನೂ ಹಂಚಿಕೊಳ್ಳುವುದಿಲ್ಲ’ ಎಂದು ಬರೆದಿರುವ ಆ್ಯಪ್‌ಗಳನ್ನು ನಂಬಬಹುದೇ?
— ಪಿಯುಸಿ ವಿದ್ಯಾರ್ಥಿ, ಚಾಮರಾಜನಗರ

ಅದನ್ನು ಬರೆದವರು ಆ್ಯಪ್ ಮಾಡಿದವರೇ, ಗೂಗಲ್ ಅಲ್ಲ. 2023ರಲ್ಲಿ ಮೊಝಿಲ್ಲಾ ಸಂಸ್ಥೆ ಜನಪ್ರಿಯವಾದ 40 ಆ್ಯಪ್‌ಗಳ ಈ ಬರಹವನ್ನು ಅವರದೇ ಪ್ರೈವಸಿ ಪಾಲಿಸಿ ಜೊತೆ ಹೋಲಿಸಿತು. ಸುಮಾರು 80% ಆ್ಯಪ್‌ಗಳಲ್ಲಿ ಎರಡಕ್ಕೂ ತಾಳೆ ಇರಲಿಲ್ಲ. ನಿನಗೆ ಆಸಕ್ತಿ ಇದ್ದರೆ ಫ್ರಾನ್ಸಿನ ಎಕ್ಸೋಡಸ್ ಪ್ರೈವಸಿ ಎಂಬ ಸಂಸ್ಥೆಯ ವೆಬ್‌ಸೈಟಿನಲ್ಲಿ ಆ್ಯಪಿನ ಹೆಸರು ಹಾಕಿ ನೋಡು. ಒಳಗೆ ಯಾವ ಯಾವ ಟ್ರ್ಯಾಕರಿನ, ಅಂದರೆ ಬಳಕೆದಾರರ ಜಾಡು ಹಿಡಿಯುವ ಕಂಪನಿಯ, ಕೋಡ್ ಇದೆ ಎಂದು ತೋರಿಸುತ್ತದೆ. ಕೋಡ್ ಇದೆ ಅಂದ ಮಾತ್ರಕ್ಕೆ ಅದು ಓಡುತ್ತಿದೆ ಎಂದಲ್ಲ, ಅದೂ ನೆನಪಿರಲಿ.

ಪ್ರಶ್ನೆ: ಐಫೋನ್ ಇದ್ದರೆ ಈ ತಲೆನೋವಿಲ್ಲ ಅಲ್ವಾ?
— ಓದುಗರು, ಮಂಗಳೂರು

ಕಡಿಮೆ ಇದೆ, ಇಲ್ಲ ಎಂದಲ್ಲ. ಐಫೋನಿನಲ್ಲಿ ‘ಆ್ಯಪ್ ಪ್ರೈವಸಿ ರಿಪೋರ್ಟ್’ ಇದೆ, ನೀವೇ ಆನ್ ಮಾಡಬೇಕು. ಆಂಡ್ರಾಯ್ಡ್ ಡ್ಯಾಶ್‌ಬೋರ್ಡಿಗಿಂತ ಇದು ಒಂದು ಹೆಜ್ಜೆ ಮುಂದೆ. 7 ದಿನದಲ್ಲಿ ಯಾವ ಆ್ಯಪ್ ಯಾವ ಸರ್ವರನ್ನು ಸಂಪರ್ಕಿಸಿತು ಎಂದೂ ತೋರಿಸುತ್ತದೆ. ಏನು ಕಳಿಸಿತು ಎಂದು ತೋರಿಸುವುದಿಲ್ಲ.

ಪ್ರಶ್ನೆ: ಎಲ್ಲರಿಗೂ ಹೇಳುತ್ತೀರಿ, ನಿಮ್ಮ ಫೋನಿನಲ್ಲಿ ಯಾವ ಕಾವಲು ಆ್ಯಪ್ ಇದೆ?
— ಓದುಗರು, ತುಮಕೂರು

ಡಕ್‌ಡಕ್‌ಗೋದ ಆ ತಡೆ ಒಂದೇ. ಬ್ಯಾಂಕ್ ಆ್ಯಪ್ ಬೇಕಾದಾಗ ಅದನ್ನು ಬಂದ್ ಮಾಡಿ, ಆಮೇಲೆ ಮತ್ತೆ ಹಾಕುತ್ತೇನೆ. ಟಾರ್ಚ್, ಕ್ಯಾಲ್ಕುಲೇಟರ್, ಕ್ಯೂಆರ್ ಸ್ಕ್ಯಾನರ್ ಫೋನಿನದೇ ಸಾಕು. ಬಸ್, ಹೋಟೆಲ್, ಅಂಗಡಿಗಳ ಆ್ಯಪ್ ಇಟ್ಟುಕೊಂಡಿಲ್ಲ. ಅವೆಲ್ಲ ಬ್ರೌಸರಿನಲ್ಲಿ ತೆರೆಯುತ್ತವೆ, ಬ್ರೌಸರಿನಲ್ಲಿ ನನ್ನ ಕಾಂಟ್ಯಾಕ್ಟ್ ಪಟ್ಟಿಗೆ ಕೈ ಹಾಕಲು ಆಗುವುದಿಲ್ಲ. ಫೇಸ್‌ಬುಕ್ಕೂ ಬ್ರೌಸರಿನಲ್ಲೇ. ನಿಧಾನ, ನೋಟಿಫಿಕೇಶನ್ ಬರೋದಿಲ್ಲ. ನೆಂಟರ ಹುಟ್ಟುಹಬ್ಬಕ್ಕೆ ನನ್ನ ಶುಭಾಶಯ ಮಾರನೇ ದಿನ ಹೋಗುತ್ತದೆ. ಈಗ ಅವರೂ ಅದಕ್ಕೆ ಒಗ್ಗಿಕೊಂಡಿದ್ದಾರೆ.