ಸರ್ಕಾರಿ ಶಾಲೆಗೆ ಹೋದರೆ ಪಾಠ ಮಾಡುವುದೇ ಮರೆತುಹೋಗುತ್ತದೆಯೇ?

ಪ್ರಶ್ನೆ: ದಾವಣಗೆರೆಯ ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ಆರು ವರ್ಷಗಳಿಂದ ಗಣಿತ ಪಾಠ ಮಾಡುತ್ತಿದ್ದೇನೆ. ಸಂಬಳ 14,000 ರೂಪಾಯಿ. ಈಗ ಸರ್ಕಾರಿ ಶಾಲೆಗೆ ಪದವೀಧರ ಪ್ರಾಥಮಿಕ ಶಿಕ್ಷಕಿಯಾಗಿ (6ರಿಂದ 8ನೇ ತರಗತಿ) ಆಯ್ಕೆಯಾಗಿದ್ದೇನೆ. ಜಗಳೂರು ಕಡೆಯ ಹಳ್ಳಿ ಶಾಲೆ ಸಿಗಬಹುದು. "ಅಲ್ಲಿ ಬರೀ ಬಿಸಿಯೂಟ, ಗಣತಿ, ರಿಜಿಸ್ಟರ್. ಎರಡು ವರ್ಷದಲ್ಲಿ ಪಾಠ ಮಾಡೋದೇ ಮರೀತೀಯ" ಎಂದು ಸಹೋದ್ಯೋಗಿಗಳು ಹೆದರಿಸುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಹೋಗಿ, ಅಮ್ಮಾ. ನಾನು 7 ವರ್ಷ ಖಾಸಗಿ ಶಾಲೆಯಲ್ಲಿ, ಆಮೇಲೆ 26 ವರ್ಷ ಸರ್ಕಾರಿ ಶಾಲೆಯಲ್ಲಿ ಗಣಿತ ಹೇಳಿಕೊಟ್ಟವಳು. ಪಾಠ ಮಾಡುವುದನ್ನು ನಿಜವಾಗಿ ಕಲಿತದ್ದು ಎರಡನೆಯ ಕಡೆ.

402ರಲ್ಲಿ 157 ಕಳೆಯಿರಿ ಎಂದು ಆರನೇ ತರಗತಿಗೆ ಕೊಟ್ಟು ನೋಡಿ. ಹಲವರು 355 ಎಂದು ಬರೆಯುತ್ತಾರೆ. ಇದು ಅಜಾಗರೂಕತೆಯಲ್ಲ. ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದ್ದಾರೆ: 7ರಲ್ಲಿ 2, 5ರಲ್ಲಿ 0, 4ರಲ್ಲಿ 1. ಮಗು ತನ್ನದೇ ಒಂದು ನಿಯಮ ಮಾಡಿಕೊಂಡಿದೆ. ಖಾಸಗಿ ಶಾಲೆಯಲ್ಲೂ ಈ ತಪ್ಪು ನಡೆಯುತ್ತದೆ, ಆದರೆ ನಿಮ್ಮ ಕಣ್ಣಿಗೆ ಬೀಳುವುದು ಕಡಿಮೆ. ಸಂಜೆ ಟ್ಯೂಷನ್‌ನವರೋ ತಾಯಿಯೋ ತಿದ್ದಿಸಿ ಕಳಿಸಿರುತ್ತಾರೆ, ನೋಟ್‌ಬುಕ್‌ನಲ್ಲಿ 245 ಅಂತಲೇ ಇರುತ್ತದೆ. ನೀವು ಕೆಂಪು ಪೆನ್ನಿನಲ್ಲಿ ಸರಿ ಹಾಕುತ್ತೀರಿ, ಪಾಲಕರ ಸಭೆಯಲ್ಲಿ ಎಲ್ಲರಿಗೂ ಸಮಾಧಾನ. ಅಲ್ಲಿ ಸಿಲಬಸ್ ಮುಗಿಸುವ ಓಟ, ಬೇಸಿಗೆಯಲ್ಲಿ ದಾಖಲಾತಿಗೆ ಮನೆಮನೆ ತಿರುಗಾಟ, ಇವುಗಳ ನಡುವೆ ಮಗುವಿನ ತಲೆಯೊಳಗೆ ಇಣುಕುವ ಬಿಡುವೇ ನನಗೆ ಸಿಕ್ಕಿರಲಿಲ್ಲ.

ಹಳ್ಳಿ ಶಾಲೆಯಲ್ಲಿ ಆ ತಪ್ಪು ನೇರ ನಿಮ್ಮ ಕೈಗೇ ಬರುತ್ತದೆ. ಮನೆಯಲ್ಲಿ ತಿದ್ದುವವರಿಲ್ಲ. ನಾನು ತೆಂಗಿನ ಕಡ್ಡಿಗಳನ್ನು ಹತ್ತರ ಕಟ್ಟು, ನೂರರ ಕಟ್ಟು ಮಾಡಿ ನೆಲದ ಮೇಲಿಡುತ್ತಿದ್ದೆ. 402 ಅಂದರೆ ನಾಲ್ಕು ದೊಡ್ಡ ಕಟ್ಟು, ಎರಡು ಬಿಡಿ ಕಡ್ಡಿ. "ಏಳು ಕಡ್ಡಿ ಕೊಡು" ಅಂದರೆ ಹುಡುಗ ತಡಕಾಡುತ್ತಾನೆ. ನೂರರ ಕಟ್ಟು ಬಿಚ್ಚಿ ಹತ್ತರ ಕಟ್ಟುಗಳನ್ನು ಹರಡಿಕೊಳ್ಳುತ್ತಾನೆ, ಆಮೇಲೆ ಅದರಲ್ಲೊಂದನ್ನು ಬಿಚ್ಚುತ್ತಾನೆ. "ಓ, ಇದಾ ಟೀಚರ್!" ಎನ್ನುತ್ತಾನೆ. ಆ ಒಂದು ಮಾತಿಗಾಗಿ ನಾನು ಎಷ್ಟೋ ಪೀರಿಯಡ್ ಕಳೆದಿದ್ದೇನೆ.

ಸಹೋದ್ಯೋಗಿಗಳ ಮಾತು ಪೂರ್ತಿ ಸುಳ್ಳಲ್ಲ. ಬಿಸಿಯೂಟದ ಲೆಕ್ಕ, ಆನ್‌ಲೈನ್ ದಾಖಲೆ, ತರಬೇತಿ ಎಲ್ಲವೂ ಇವೆ. ಶಿಕ್ಷಣ ಹಕ್ಕು ಕಾಯ್ದೆ ಬೋಧಕೇತರ ಕೆಲಸಗಳನ್ನು ನಿಷೇಧಿಸಿದರೂ ಜನಗಣತಿ, ಚುನಾವಣೆ, ವಿಪತ್ತು ಪರಿಹಾರಕ್ಕೆ ವಿನಾಯಿತಿ ಇಟ್ಟಿದೆ. 6ರಿಂದ 8ನೇ ತರಗತಿಗೆ 35 ಮಕ್ಕಳಿಗೊಬ್ಬ ಶಿಕ್ಷಕರು, ವಿಜ್ಞಾನ-ಗಣಿತಕ್ಕೆ ಒಬ್ಬರಾದರೂ ಇರಬೇಕು ಎಂದು ಅದೇ ಕಾಯ್ದೆ ಹೇಳುತ್ತದೆ. ಆದರೆ ಹುದ್ದೆ ಖಾಲಿ ಇದ್ದರೆ ನೀವೇ ಕನ್ನಡವನ್ನೂ ತೆಗೆದುಕೊಳ್ಳಬೇಕಾದೀತು. ಮೆಕ್ಕೆಜೋಳ ಮುರಿಯುವ ಹೊತ್ತಿಗೆ ಅರ್ಧ ತರಗತಿ ಹೊಲದಲ್ಲಿರುತ್ತದೆ. ಆಗ ಬಂದಷ್ಟು ಮಕ್ಕಳೊಂದಿಗೆ ಹಿಂದಿನ ಪಾಠ ಗಟ್ಟಿ ಮಾಡಿಸಿ, ಹೊಸದನ್ನು ತೆಗೆಯಬೇಡಿ. ಬೆಳಗಿನ ಮೊದಲ ಪೀರಿಯಡ್ ಗಣಿತಕ್ಕೇ ಬೇಕೆಂದು ಮುಖ್ಯ ಶಿಕ್ಷಕರನ್ನು ಮೊದಲ ದಿನವೇ ಕೇಳಿ. ರಿಜಿಸ್ಟರ್ ಕೆಲಸ ಮಧ್ಯಾಹ್ನದ ಮೇಲಿರಲಿ.

ನೀವು ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ, ಎಷ್ಟೋ ಹೆಣ್ಣುಮಕ್ಕಳು ಇದನ್ನು ಬಿಟ್ಟು ಬರುತ್ತಾರೆ. ಐದು ವರ್ಷ ತುಂಬಿದ ಖಾಸಗಿ ಶಾಲಾ ಶಿಕ್ಷಕರಿಗೂ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಸಂಸ್ಥೆ ಕೊಡಬೇಕಾದ ಹಣ, ಇದೆ. ಗ್ರಾಚ್ಯುಟಿ ಕಾಯ್ದೆಯ 2009ರ ತಿದ್ದುಪಡಿ ಅದನ್ನು ಕೊಟ್ಟಿತು, 2022ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದಲೂ ಸೇವೆಯ ವರ್ಷಗಳಿಂದಲೂ ಗುಣಿಸಿ. 14,000 ಪೂರ್ತಿ ಮೂಲವೇತನ ಮತ್ತು ತುಟ್ಟಿಭತ್ಯೆಯೇ ಆಗಿದ್ದರೆ ನಿಮಗೆ 48,000 ರೂಪಾಯಿ ದಾಟುತ್ತದೆ. ರಾಜೀನಾಮೆಯ ಜೊತೆಗೇ ಅರ್ಜಿ ಕೊಟ್ಟು ಸ್ವೀಕೃತಿ ಬರೆಸಿಕೊಳ್ಳಿ. ಮೂಲ ಅಂಕಪಟ್ಟಿಗಳು ಆಡಳಿತ ಮಂಡಳಿಯ ಬಳಿ ಇದ್ದರೆ ಮೊದಲು ಅವನ್ನು ಬಿಡಿಸಿಕೊಳ್ಳಿ, ಆಮೇಲೆ ರಾಜೀನಾಮೆ.